ಬೆಕ್ಕಿಗೂ ಹೆಸರಿತ್ತು

ಬಾಥೆಲ್, ಅಮೆರಿಕ, ಭಾನುವಾರ

ಅಣ್ಣನಿಗೆ ನಮಸ್ಕಾರ.

ನಿನ್ನೆ ಭಾವನಾ ನನ್ನನ್ನು ಇಲ್ಲೇ ಹತ್ತಿರದ ಟೋಟೆಮ್ ಲೇಕ್ ಎಂಬಲ್ಲಿನ ಒಂದು ಪುಸ್ತಕದಂಗಡಿಗೆ ಕರೆದುಕೊಂಡು ಹೋಗಿದ್ದಳು. ಇಟಲಿಯ ವೆರ್ನಾಸ್ಕಿ ಮನೆತನದವರು ಮೂರು ತಲೆಮಾರಿನಿಂದ ಪುಸ್ತಕ ಪ್ರಕಟಿಸುತ್ತಿದ್ದಾರಂತೆ. ಆ ಚರಿತ್ರೆ ಹೇಳಲು ಮೊಮ್ಮಗ ವಿಮಾನ ಹತ್ತಿ ಬಂದಿದ್ದ. ಪರದೆಯ ಮೇಲೆ ಅಜ್ಜನನ್ನು ತೋರಿಸಿದ, ಅಪ್ಪನನ್ನು ತೋರಿಸಿದ, ಅಚ್ಚಿನ ಯಂತ್ರದ ಮೇಲೆ ಮಲಗುತ್ತಿದ್ದ ಬೆಕ್ಕನ್ನೂ ತೋರಿಸಿದ. ಬೆಕ್ಕಿಗೆ ಹೆಸರೂ ಇತ್ತು.

ನಾನು ಎದ್ದು ನಿಂತು, ಇಷ್ಟೆಲ್ಲ ಪುಸ್ತಕಗಳ ಕರಡು ತಿದ್ದಿದವರು ಯಾರೆಂದು ಕೇಳಿದೆ.

"ಅಮ್ಮಾ, ಕೂತ್ಕೋ, ಎಲ್ರೂ ನೋಡ್ತಿದಾರೆ" ಎಂದಳು ಭಾವನಾ.

ಅವನು ನಕ್ಕು, ಅಜ್ಜಿ ಅಡುಗೆಮನೆಯಲ್ಲಿ ಕೂತು ಸ್ವಲ್ಪ ಸಹಾಯ ಮಾಡುತ್ತಿದ್ದರು ಎಂದ. ಸ್ವಲ್ಪ ಎಂದರೆ ನಲವತ್ತು ವರ್ಷವಂತೆ. ಅಜ್ಜಿಯ ಫೋಟೊ ಮಾತ್ರ ಸಿಗಲಿಲ್ಲವಂತೆ, ಪಾಪ. ಹೆಸರು ಹೇಳಲೂ ಮರೆತ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮೈಸೂರಿನ ನಮ್ಮ ಪ್ರಕಾಶನದ ವಾರ್ಷಿಕೋತ್ಸವದಲ್ಲೇ ಕೂತ ಹಾಗಿತ್ತು.

ಮಂಡಿನೋವು ಕಡಿಮೆಯಾಗಿದೆ, ಮಾತ್ರೆ ಇನ್ನೂ ಹದಿನೈದು ದಿನಕ್ಕಾಗುವಷ್ಟಿದೆ. ಕೆಲಸವಿಲ್ಲದೆ ನನಗೆ ಬೇಜಾರಾದೀತೆಂದು ನೀನು ದಯೆತೋರಿ ಸೂಟ್‌ಕೇಸಿಗೆ ತುರುಕಿದ್ದ ಕರಡನ್ನು ಪೂರ್ತಿ ತಿದ್ದಿ ಅಂಚೆಗೆ ಹಾಕಿದ್ದೇನೆ. ಒಳಗೆ ಹೆಚ್ಚೇನೂ ತಪ್ಪಿರಲಿಲ್ಲ. ಮೊದಲ ಪುಟದಲ್ಲಿ ಮಾತ್ರ ಒಂದು ದೊಡ್ಡದು ಸಿಕ್ಕಿತು. 'ಪ್ರಕಾಶಕರು: ಪುಟ್ಟಸ್ವಾಮಯ್ಯ ಅಂಡ್ ಸನ್ಸ್' ಎಂದಿದೆ. ಅಪ್ಪನಿಗೆ ಇದ್ದದ್ದು ನೀನೊಬ್ಬನೇ ಮಗ. ಮೂವತ್ತೊಂದು ವರ್ಷ ಕರಡು ತಿದ್ದಿಯೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ನೋಡು. 'ಸನ್ಸ್' ಹೊಡೆದು, ನಮ್ಮಿಬ್ಬರ ಹೆಸರು ಬರೆದಿದ್ದೇನೆ. ಹಾಗೇ ಅಚ್ಚಿಗೆ ಕಳಿಸು.

ಕಾಗದದಲ್ಲಿ ಜಾಗ ಮುಗಿಯಿತು.

ಸರ್ವಮಂಗಳಾ