ಮಸಿಯನ್ನು ಗುಂಪಿಗೆ ಬಿಟ್ಟೆ

ಲಾಯದ ಆಫೀಸು ಕೋಣೆ
ಮಾರ್ಚ್ ೧೨, ಭಾನುವಾರ

ಮುದ್ದಿನ ಮಗಳಿಗೆ,

ನಾನು ಚೆನ್ನಾಗಿದ್ದೇನೆ, ನೀನೂ ಹಾಗೇ ಇರುವೆಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬೆನ್ನುನೋವು ಎಂದು ನೀನು ಬರೆದಿದ್ದೆ. ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲನ್ನು ಸ್ವಲ್ಪ ಎತ್ತರ ಮಾಡಿಸಿಕೋ. ಕುದುರೆಯ ಮೇಲೆ ನೆಟ್ಟಗೆ ಕೂರುತ್ತಿದ್ದವಳು ನೀನು, ಈ ವಯಸ್ಸಿಗೇ ಗೂನಾಗುವುದು ಬೇಡ.

ಇಲ್ಲಿ ಒಂದು ದೊಡ್ಡ ಸುದ್ದಿಯಿದೆ. ಗುಂಪಿನ ಗಲಾಟೆಯಲ್ಲಿ ನಿನ್ನ ಕುದುರೆ ಬೆಳ್ಳಿ, ಕಾಲು ಮುರಿದುಕೊಂಡು ಸತ್ತ ಮೇಲೆ, ನಾಲ್ಕು ವರ್ಷದಿಂದ ನಾನು ಎರಡು ಕುದುರೆಗಳನ್ನು ಒಟ್ಟಿಗೆ ಬಯಲಿಗೆ ಬಿಟ್ಟವಳಲ್ಲ. ಒಂದೊಂದಕ್ಕೆ ಒಂದೊಂದು ಬೇಲಿ, ಸರದಿಯ ಮೇಲೆ ಎರಡೆರಡು ಗಂಟೆ. ಆ ಕಟ್ಟಳೆಯನ್ನು ನಾನೇ ಮುರಿದೆ.

ಕಾರಣ ಮಸಿ. ವಕೀಲರೊಬ್ಬರು ನಮ್ಮ ಲಾಯದಲ್ಲಿ ಸಾಕಲು ಬಿಟ್ಟ ಕಪ್ಪು ಕುದುರೆ, ನೀನು ಹೋದ ಮೇಲೆ ಬಂದವನು. ಒಂಟಿಯಾಗಿ ಬಿಟ್ಟರೆ ಮೇಯುತ್ತಲೇ ಇರಲಿಲ್ಲ. ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆದು ನಡೆದು ನೆಲದಲ್ಲಿ ಕಾಲುವೆಯೇ ಬಿದ್ದಿತ್ತು. ಒಳಗೆ ಕಟ್ಟಿದರೆ ಬಾಗಿಲಿನ ಮರ ಕಡಿಯುತ್ತಿದ್ದ. ಡಾಕ್ಟರಮ್ಮ ರಕ್ತ, ಹಲ್ಲು ಎಲ್ಲ ಪರೀಕ್ಷೆ ಮಾಡಿ, ಕೈ ತೊಳೆದುಕೊಳ್ಳುತ್ತಾ ಹೇಳಿದರು: "ಇವನಿಗೆ ಕಾಯಿಲೆ ಇಲ್ಲ ಕಣ್ರೀ, ಜೊತೆ ಇಲ್ಲ. ನೀವು ಹೆದರ್ಕೊಂಡು ಇವನನ್ನ ಜೈಲಲ್ಲಿ ಇಟ್ಟಿದ್ದೀರಿ."

ಮಾತು ನೇರವಾಗಿ ನಾಟಿತು. ಅಂದೇ ವಕೀಲರಿಗೆ ಫೋನ್ ಮಾಡಿ, ಮಸಿಯನ್ನು ಗುಂಪಿಗೆ ಬಿಡುತ್ತೇನೆಂದೆ.

"ಮೈಮೇಲೆ ಒಂದು ಗೀರು ಬಿದ್ರೂ ಕುದುರೆ ಬೇರೆ ಲಾಯಕ್ಕೆ ಹೋಗುತ್ತೆ, ನೋಡಿ ಮತ್ತೆ," ಎಂದರು.

"ಗೀರು ಬಿದ್ದೇ ಬೀಳುತ್ತೆ ಸಾರ್. ಹದಿನೈದು ದಿನ ಕೊಡಿ," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ!

ಮೊದಲ ವಾರ ಮಸಿಯನ್ನೂ ನಮ್ಮ ಮುದಿ ಕುದುರೆ ಅಜ್ಜಿಯನ್ನೂ ಅಕ್ಕಪಕ್ಕ ಬಿಟ್ಟೆ, ನಡುವೆ ಬೇಲಿ. ಮೂಗಿಗೆ ಮೂಗು ತಾಗಿಸಿ ಕಿರುಚಿದ್ದೇ ಕಿರುಚಿದ್ದು. ಎಂಟನೆಯ ದಿನ ಒದ್ದರೂ ಹೆಚ್ಚು ಪೆಟ್ಟಾಗದಿರಲೆಂದು ಹಿಂಗಾಲಿನ ಲಾಳ ತೆಗೆಸಿ ಇಬ್ಬರನ್ನೂ ದೊಡ್ಡ ಬಯಲಿಗೆ ಬಿಟ್ಟೆ. ಮಸಿ ಮೈಮೇಲೆ ಏರಿಹೋದ. ಅಜ್ಜಿ ಕಿವಿ ಹಿಂದಕ್ಕೊತ್ತಿ ಅವನ ತೊಡೆಗೆ ಬಾಯಿ ಹಾಕಿದಳು ನೋಡು, ಮೇಷ್ಟ್ರ ಮುಂದೆ ನಿಂತ ಪೋಕರಿಯಂತೆ ತಲೆ ತಗ್ಗಿಸಿದ. ಸಂಜೆಯ ಹೊತ್ತಿಗೆ ಇಬ್ಬರೂ ಒಂದೇ ಕಡೆ ಮೇಯುತ್ತಿದ್ದರು. ಆಮೇಲೆ ದಿನಕ್ಕೊಂದರಂತೆ ಇನ್ನೂ ಮೂರನ್ನು ಸೇರಿಸಿದೆ. ಅವರಲ್ಲಿ ಕೆಂಪಿ ಮಾತ್ರ ಒಗ್ಗಲಿಲ್ಲ, ನೀರಿನ ತೊಟ್ಟಿಯ ಹತ್ತಿರ ಯಾರನ್ನೂ ಸೇರಿಸುವುದಿಲ್ಲ. ಅವಳಿಗೆ ಪಕ್ಕದಲ್ಲೇ ಬೇರೆ ಬೇಲಿ ಮಾಡಿದ್ದೇನೆ. ಗುಂಪು ಎಲ್ಲರಿಗೂ ಮದ್ದಲ್ಲ, ಅದನ್ನೂ ಒಪ್ಪಬೇಕು.

ಹದಿನೈದನೆಯ ದಿನ ಮಧ್ಯಾಹ್ನ ವಕೀಲರು ಬಂದರು. ಬಯಲಿನ ನಡುವೆ ಮಸಿ ನಾಲ್ಕೂ ಕಾಲು ಚಾಚಿ ಬಿಸಿಲಿಗೆ ಬಿದ್ದುಕೊಂಡಿದ್ದ.

"ಅಯ್ಯೋ, ಹೋಗ್ಬಿಟ್ನಲ್ರೀ!" ಎಂದು ಪಾಲಿಶ್ ಹಾಕಿದ ಬೂಟಿನಲ್ಲೇ ಕೆಸರಿಗಿಳಿದರು. ನಾನು ತೋಳು ಹಿಡಿದು ನಿಲ್ಲಿಸಿದೆ.

"ನಿದ್ದೆ ಮಾಡ್ತಿದ್ದಾನೆ ಸಾರ್. ಅಲ್ಲಿ ಅಜ್ಜಿ ನಿಂತು ಕಾಯ್ತಿದ್ದಾಳೆ ನೋಡಿ. ಒಂಟಿ ಇದ್ದಾಗ ಒಂದು ದಿನವೂ ಹೀಗೆ ಮೈಮರೆತು ಮಲಗಿರ್ಲಿಲ್ಲ."

ಅವರು ಬೇಲಿಗೆ ಒರಗಿ ಕುದುರೆಯನ್ನು ತಲೆಯಿಂದ ಬಾಲದವರೆಗೆ ನೋಡಿದರು. ತೊಡೆಯ ಮೇಲಿನ ಹಲ್ಲಿನ ಗುರುತು ಕಣ್ಣಿಗೆ ಬೀಳದೆ ಇರಲಿಲ್ಲ. "ಇಲ್ಲೇ ಇರ್ಲಿ ಬಿಡಿ," ಎಂದಷ್ಟೇ ಹೇಳಿ ಹೋದರು.

ಇನ್ನು ಮುಂದೆ ಇದೇ ಕ್ರಮ. ಯಾರು ಏನೇ ಅಂದರೂ ಬದಲಿಸುವುದಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ, ನಿನ್ನ ಬಾಳು ಹಸನಾಗಿರಲಿ.

ನಿನ್ನ
ಅಮ್ಮ

ತಾ.ಕ.: ಬೆಳ್ಳಿ ಸತ್ತ ದಿನ ಗೇಟು ತೆರೆದಿದ್ದರಿಂದಲೇ ಪಕ್ಕದ ಬಯಲಿನ ಆ ಪುಂಡ ಕುದುರೆ ಗುಂಪಿನೊಳಗೆ ನುಗ್ಗಿತು. "ಚಿಲಕ ಹಾಕೋದು ನಾನೇ ಮರೆತೆ ಅಮ್ಮಾ," ಎಂದು ನೀನು ನೆಲಕ್ಕೆ ಕುಸಿದು ಅತ್ತೆ. ನೀನು ಹಾಕಿದ್ದೆ ಮಗಳೇ. ನಿನ್ನ ಹಿಂದೆಯೇ ನಾನು ನೀರಿನ ಪೈಪು ಎಳೆದುಕೊಂಡು ಒಳಗೆ ಹೋದೆ, ಬರುವಾಗ ಚಿಲಕ ಹಾಕಲಿಲ್ಲ. ಲಾಯದವರೆಲ್ಲ ನಿನ್ನನ್ನು ಬೈಯುವಾಗ ತುಟಿ ಹೊಲಿದುಕೊಂಡು ನಿಂತೆ. ನೀನು ಪೆಟ್ಟಿಗೆ ಹಿಡಿದು ಮನೆ ಬಿಡುವಾಗಲೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಅದೇ ಜನರನ್ನೆಲ್ಲ ಸೇರಿಸಿ ಹೇಳಿದ್ದೇನೆ. ಈ ಕಾಗದ ಅಂಚೆಗೆ ಹಾಕುವ ಮೊದಲೇ ಹೇಳಿದೆ, ಹಿಂದೆ ಸರಿಯಲು ನನಗೆ ದಾರಿ ಉಳಿಯಬಾರದೆಂದು.