ಆಫೀಸಿನ ಒಳಗಿನ ವೈರು

ಜನವರಿ ಇಪ್ಪತ್ತೆರಡು, ಗುರುವಾರ. ನಾಳೆ ಬೆಳಗ್ಗೆ ಮೈಸೂರಿನ ಕೆಲಸಕ್ಕೆ ಆನ್‌ಲೈನ್ ಪರೀಕ್ಷೆ, ಫೋನಲ್ಲಿ ಬರೆಯೋ ಹಾಗಿಲ್ಲ. ಸುಂಟಿಕೊಪ್ಪದ ಅಂಗಡಿಯ ಪ್ರಜ್ಞೇಶ್ ನನ್ನ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ, ಈಗ ಅದಕ್ಕೆ ವೈಫೈ ಕಾರ್ಡೇ ಕಾಣ್ತಿಲ್ಲ. ಆ ಕಾರ್ಡ್ ನಡೆಸೋ ಸಾಫ್ಟ್‌ವೇರ್, ಡ್ರೈವರ್ ಅಂತಾರೆ, ಅದನ್ನ ನೆಟ್ಟಿಂದ ಇಳಿಸ್ಕೋಬೇಕಂತೆ. ನೆಟ್ ಇದ್ದಿದ್ರೆ ಡ್ರೈವರ್ ಯಾಕೆ ಬೇಕಿತ್ತು? ಫೋನಲ್ಲಿ ಇಳಿಸಿ ಹಾಕಿದ್ರೆ ಇನ್ನೊಂದು ಫೈಲ್ ಕೇಳುತ್ತೆ.

ಕಾಫಿ ಕೊಯ್ಯೋಕೆ ಬಂದು ಕೂಲಿ ಲೈನ್ ಮನೇಲಿರೋ ನಮಗೆ ಎಸ್ಟೇಟ್ ಆಫೀಸಿನ ಜಗಲಿ ತನಕ ಮಾತ್ರ ವೈಫೈ. ಆಫೀಸಿನ ಲೆಕ್ಕ ಬರೆಯೋ ರೈಟರ್ ಮೊಣ್ಣಪ್ಪನವರಿಗೆ ಹೇಳ್ದೆ, "ಸರ್, ಒಳಗಿನ ನೆಟ್ ವೈರ್ ಲ್ಯಾಪ್‌ಟಾಪಿಗೆ ಚುಚ್ಚಿದ್ರೆ ಹತ್ತೇ ನಿಮಿಷ, ಎಲ್ಲಾ ಇಳಿಯುತ್ತೆ."

"ಲೈನಿನವ್ರು ಒಳಗೆ ಬರೋ ಪದ್ಧತಿ ಇಲ್ಲ ಮಾರಾಯ."

ಮೊನ್ನೆ ಕಬ್ಬಿಣದ ಬೀರು ಎತ್ತೋಕೆ ಒಳಗೇ ಕರೆದಿದ್ರಲ್ಲ, ಆಗ ಎಲ್ಲಿತ್ತು ಪದ್ಧತಿ? ಬೆಳಗ್ಗೆ ಕೇಳೋದೇ ಇಲ್ಲ. ಸೀದಾ ಒಳಗೆ ಹೋಗಿ ಕೂರ್ತೀನಿ, ಅವ್ರು ತಡೆದ್ರೆ ಬೀರು ಎತ್ತಿದ ದಿನ ನೆನಪಿಸ್ತೀನಿ.