ಅಪ್ಪನ ಕಿವಿ

ಭಾನುವಾರ, 2 ಜೂನ್ 2024

ಮತ್ತೆ ಅದೇ. ಸ್ಟಾರ್ಟ್ ಆಗುತ್ತದೆ, ಓಡುತ್ತಾ ಉಳಿಯುವುದಿಲ್ಲ. ಎರಡು ನಿಮಿಷ ಕೆಮ್ಮಿ ಆಫ್.

ಎರಡು ವರ್ಷದಿಂದ ಭಾನುವಾರ ಅಂದರೆ ಈ ಹಳೇ ಫಿಯಟ್ಟು. ಅಪ್ಪ ಗ್ಯಾರೇಜು ಮುಚ್ಚುವಾಗ ಉಳಿದುಹೋದ ಗಾಡಿ. ಟಿಂಕರಿಂಗು, ಬ್ರೇಕು, ವೈರಿಂಗು, ಸೀಟು — ಎಲ್ಲ ಮುಗಿಯಿತು. ಬಾಕಿ ಇರುವುದು ಕಾರ್ಬೊರೇಟರಿನ ಒಂದು ಸ್ಕ್ರೂ. ಆರು ತಿಂಗಳಿನಿಂದ ಆ ಒಂದು ಸ್ಕ್ರೂ!

ಅಪ್ಪನ ಕೈ ನಡುಗುತ್ತದೆ, ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಹಾಗಾಗಿ ಕೈ ನನ್ನದು. ಎಲ್ಲಿ ನಿಲ್ಲಿಸಬೇಕು ಅಂತ ಅವನು ಹೇಳಿದರೆ ಇವತ್ತೇ ಮುಗಿಯುತ್ತದೆ. ಹೇಳುವುದಿಲ್ಲ. ನಂಜನಗೂಡಿನಲ್ಲಿ ಬರೀ ಸದ್ದು ಕೇಳಿ ಎಂಜಿನ್ ಟ್ಯೂನ್ ಮಾಡುತ್ತಿದ್ದ ಮಾದು, ಆ ವಿದ್ಯೆಯನ್ನು ಮಗಳಿಗೆ ಕೊಟ್ಟೇ ಹೋಗಬೇಕಂತೆ.

"ನಾನ್ ಯೋಳ್ಬುಟ್ರೆ ನಿಂಗ್ ಬರಲ್ಲ ಮಗ. ಒರಟಾಗಿದ್ದುದ್ದು ಈಗ ಮೆತ್ತಗಾಯ್ತು, ಕೇಳುಸ್ತಾ?"

"ಹೂಂ ಅಪ್ಪ."

ಸುಳ್ಳು. ಯಾವತ್ತೂ ಕೇಳಿಸಿಲ್ಲ. ನನ್ನ ಪಾಲಿಗೆ ಎಲ್ಲ ಒಂದೇ ಗುರುಗುರು. ಅವನ ಮುಖ ನೋಡಿಕೊಂಡು ಹೂಂ ಅನ್ನುತ್ತೇನೆ.

ಶನಿವಾರ, 8 ಜೂನ್

ಎರಡನೇ ಶನಿವಾರ, ನಾನು ಕೆಲಸ ಮಾಡುವ ಟ್ರೆಜರಿಗೆ ರಜೆ. ಅಪ್ಪನನ್ನು ಅವ್ವ ಚೆಕಪ್‌ಗೆ ಮೈಸೂರಿಗೆ ಕರೆದುಕೊಂಡು ಹೋದಳು. ಬಸ್ಸು ಹೊರಟಿದ್ದೇ ತಡ, ರಘುವಿಗೆ ಫೋನ್ ಮಾಡಿದೆ. ತಿ. ನರಸೀಪುರದಲ್ಲಿ ನಮ್ಮ ಆಫೀಸಿನ ಎದುರು ಗ್ಯಾರೇಜು ಇಟ್ಟಿರುವವನು. ನಲವತ್ತು ದಾಟಿದೆ, ಮಾತು ಕಮ್ಮಿ. ಬಂದವನೇ ಬಾನೆಟ್ ಎತ್ತಿದ, ತಲೆ ಬಗ್ಗಿಸಿದ, ಕಣ್ಣು ಮುಚ್ಚಿದ, ಸ್ಕ್ರೂ ತಿರುಗಿಸಿದ. ಹತ್ತು ನಿಮಿಷ. ಕೆಮ್ಮು ನಿಂತಿತು.

"ಬಾಕಿ ಕೆಲ್ಸ ಎಲ್ಲಾ ಯಾರ್ ಮಾಡಿರದು ಮೇಡಂ? ಬೋ ನೀಟಾಗದೆ."

ನಾನೇ, ಅಂದೆ. ಅದು ನಿಜ.

ಅಪ್ಪನಿಗೆ ಖುಷಿಯಾಗಲಿ ಅಂತ ಮಾಡಿದ್ದು... ಪೂರ್ತಿ ಹಾಗೂ ಅಲ್ಲ. ನನಗೆ ಸಾಕಾಗಿ ಹೋಗಿತ್ತು.

ಭಾನುವಾರ, 9 ಜೂನ್

ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. ಬಾನೆಟ್ಟಿಗೆ ಕಿವಿ ಕೊಟ್ಟು ನಿಂತ.

"ನೀನೇ ಮಾಡ್ದಾ?"

ಹೇಳಿಬಿಡಬಹುದಿತ್ತು. ಸಮಯ ಇತ್ತು.

"ಹೂಂ ಅಪ್ಪ. ನಿನ್ನೆ ಒಬ್ಳೇ ಕೂತು ಮಾಡ್ದೆ. ಕೇಳುಸ್ತು."

ಅಪ್ಪ ಅತ್ತ. ಅಜ್ಜಿ ಸತ್ತಾಗಲೂ ಅತ್ತವನಲ್ಲ. ನನಗೋ, ಆ ಕ್ಷಣಕ್ಕೆ ನಿಜವಾಗಲೂ ಸಂತೋಷವಾಯಿತು.

ಶುಕ್ರವಾರ, 14 ಜೂನ್

ಅಪ್ಪ ಬೀದಿಗೆಲ್ಲ ಸಾರಿಯಾಯಿತು. ಈಗ ಫೋನಿನಲ್ಲಿ ಹೆಮ್ಮರಗಾಲದ ಬೋರಯ್ಯ — ಅಪ್ಪನ ಹಳೇ ಗಿರಾಕಿ, ಇನ್ನೂ ಅದೇ ಪೆಟ್ರೋಲ್ ಜೀಪು.

"ನಾನ್ ಓದ್ರೂ ನನ್ ಕಿವಿ ಓಗಲ್ಲ ಕಣ್ಲಾ ಬೋರಯ್ಯ. ಮಗಳ್ ತಾವದೆ. ನಿನ್ ಜೀಪ್ ತತ್ತಾ, ಅವ್ಳೇ ಮಾಡ್ಕೊಡ್ತಳೆ."

ರಾತ್ರಿ ಅಪ್ಪ ಎರಡು ಮುದ್ದೆ ಉಂಡ. ಇಂಗ್ ಉಂಡು ಏಸ್ ದಿನ ಆಗಿತ್ತು ಅಂತ ಅವ್ವ ನನ್ನ ತಲೆ ಸವರಿದಳು. ಈಗ ಹೇಳುವುದು ಹೇಗೆ?

ಭಾನುವಾರ, 7 ಜುಲೈ

ಮೂರು ಭಾನುವಾರ ಆಡಿಟ್ ನೆಪ ಹೇಳಿ ಆಫೀಸಿಗೆ ಓಡಿದೆ. ಇವತ್ತು ಬೋರಯ್ಯ ಏಳಕ್ಕೇ ಬಂದು ಬಾಗಿಲಲ್ಲಿ ಜೀಪು ನಿಲ್ಲಿಸಿದ.

ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡಿದ್ದ. ಕುರ್ಚಿ ದೂರ ಹಾಕಿಸಿಕೊಂಡ, ತಾನೇನೂ ಹೇಳಿಕೊಡುತ್ತಿಲ್ಲ ಅಂತ ತೋರಿಸಲು.

ತಿರುಗಿಸಿದೆ. ಆ ಕಡೆ, ಈ ಕಡೆ. ಬೆವರು ಕಣ್ಣಿಗೆ ಇಳಿಯಿತು. ಅಪ್ಪನ ಮುಖ ನೋಡಿದೆ — ಎಂದಿನಂತೆ. ಆ ಮುಖದಲ್ಲಿ ಏನೂ ಇರಲಿಲ್ಲ. ಬೇಕೆಂದೇ ಇಟ್ಟುಕೊಂಡಿರಲಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಕೈ ತೆಗೆದೆ.

"ಸರಿಯಾಯ್ತು ಅಪ್ಪ."

ಅಪ್ಪ ಜೀಪನ್ನು ನೋಡಲಿಲ್ಲ. ನನ್ನನ್ನೇ ನೋಡಿದ. ಗೊತ್ತಾಯಿತು ಅವನಿಗೆ. ಎಲ್ಲವೂ.

"ಏನ್ ಮಾದಣ್ಣ, ಮೊದ್ಲಿಗಿಂತ ಜಾಸ್ತಿ ಕುಣಿತಾದಲ್ಲ?" ಬೋರಯ್ಯ.

"ನಿನ್ ಕಾರ್ಬೊರೇಟರ್ರೇ ಕೆಟ್ಟೋಗದೆ ಕಣ್ಲಾ. ಅದುಕ್ಕೆ ಅವ್ಳೇನ್ ಮಾಡಾಳು? ಒಸಾದ್ ಆಕ್ಸು, ಓಗು."

ಬಿಚ್ಚಿ ನೋಡದೆ ಒಂದು ಪಾರ್ಟು ಹೋಗಿದೆ ಅಂತ ಅಪ್ಪ ಯಾವತ್ತೂ ಅಂದವನಲ್ಲ. ಹಾಗೆ ಅಂದ ಕೆಲಸಗಾರರನ್ನು ಗ್ಯಾರೇಜಿನಿಂದಲೇ ಕಳಿಸಿದ್ದಾನೆ. ಇವತ್ತು ನನಗಾಗಿ ಅಂದ. ಬೋರಯ್ಯ ನಂಬಿಕೊಂಡು ಹೋದ.

ಆಮೇಲೆ ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ.

ಬುಧವಾರ, 10 ಜುಲೈ

ಮೂರು ದಿನ ಅಪ್ಪನ ಮಾತಿಲ್ಲ. ಅವ್ವ ಜ್ವರವೇನೋ ಅಂತ ಅವನ ಹಣೆ ಮುಟ್ಟಿ ನೋಡಿದಳು. ಇವತ್ತು ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಅಪ್ಪ ಅಂದ —

"ಕೇಳುಸ್ತಿಲ್ಲ ಅಂತ ಒಂದಿನ ಯೋಳ್ಬೋದಿತ್ತಲ್ಲವ್ವ. ಆರ್ ತಿಂಗ್ಳು ನಾನ್ ಯಾರ್ಗ್ ಯೋಳ್ಕೊಡ್ತಿದ್ದೆ?"

ನಾನು ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ. ಕೇಳಿದ, "ಫಿಯಟ್ ಯಾರ್ ಮಾಡಿದ್ದು?"

ಹೇಳಿದೆ.

"ಒಳ್ಳೆ ಕಿವಿ. ಭಾನ್ವಾರ ಅವುನ್ಗೆ ಬರಕ್ ಯೋಳು."

ಭಾನುವಾರ, 14 ಜುಲೈ

ರಘು ಒಂಬತ್ತಕ್ಕೆ ಬಂದ. ಅವನೂ ಅಪ್ಪನೂ ಫಿಯಟ್ಟಿನ ಷೆಡ್ಡಿಗೆ ಹೋದವರು ಹನ್ನೊಂದಾದರೂ ಹೊರಗೆ ಬರಲಿಲ್ಲ. ಅಪ್ಪ ನಗುವುದು ಕೇಳಿತು. ವಾರವಾಗಿತ್ತು.

ಮೂರು ಲೋಟ ಕಾಫಿ ತೆಗೆದುಕೊಂಡು ಹೋದೆ. ಅಪ್ಪ ರಘುವಿನ ಮಣಿಕಟ್ಟು ಹಿಡಿದು ಏನೋ ಹೇಳುತ್ತಿದ್ದ. ನಾನು ಬಾಗಿಲಲ್ಲಿ ನಿಂತಾಗ ನಿಲ್ಲಿಸಿದ.

"ಅಲ್ಲೇ ಮಡಗಿ ಓಗವ್ವ."

ಕೋಪವಿರಲಿಲ್ಲ. ಮನೆಗೆ ಬಂದವರ ಹತ್ತಿರ ಮಾತಾಡುವ ಹಾಗೆ, ಮೆತ್ತಗೆ. ಎರಡು ಲೋಟ ಇಟ್ಟು ಒಂದು ವಾಪಸು ತಂದೆ. ಅಡುಗೆಮನೆಯಲ್ಲಿ ಅವ್ವ, ಯಾಕೆ ಇಲ್ಲಿ ಕುಡೀತಿದ್ದೀಯ ಅಂದಳು. ನಾನು, ನಂಗೆ ಅಲ್ಲಿ ಏನೂ ಕೇಳುಸಲ್ಲ ಅವ್ವ, ಅಂದೆ.